ಸಿದ್ದರಾಜಣ್ಣನ ಬುಧವಾರಗಳು

ಹೋದ ಭಾನುವಾರ ಮಗಳ ಶಾಲೆಯ ಯಾವುದೋ ಚಿತ್ರಪಟಕ್ಕೆ ಅಂಟು ಬೇಕಾಯಿತು. ಮನೆಯಲ್ಲಿದ್ದ ಡಬ್ಬಿ ಒಣಗಿಹೋಗಿತ್ತು. ಹೆಂಡತಿ ಒಲೆಯ ಮೇಲೆ ಸಣ್ಣ ಪಾತ್ರೆ ಇಟ್ಟು ಮೈದಾ ಕದಡಿ ಕಾಯಿಸತೊಡಗಿದಳು. ಹೊರಗೆ ಪೇಪರ್ ಓದುತ್ತ ಕೂತಿದ್ದ ನಾನು ಆ ವಾಸನೆ ಬಂದದ್ದೇ ಎದ್ದು ನಿಂತುಬಿಟ್ಟೆ. ಗಂಜಿಯಂಥ, ಸ್ವಲ್ಪ ಮುಗ್ಗಲು ಹಿಡಿದಂಥ ವಾಸನೆ ಅದು. ನನ್ನ ಕೈ ತಾನಾಗಿ ಅಂಗಿಯ ಜೇಬು ಮುಟ್ಟಿ ನೋಡಿಕೊಂಡಿತು. ಜೇಬು ಖಾಲಿ. ಅಲ್ಲೊಂದು ಔಷಧಿಯ ಸೀಸೆ ಇಟ್ಟುಕೊಂಡು ಓಡಾಡುತ್ತಿದ್ದ ಕಾಲ ಮುಗಿದು ಎಂಟು ವರ್ಷವಾಗಿದೆ, ಕೈಗೆ ಮಾತ್ರ ಅದಿನ್ನೂ ಗೊತ್ತಾಗಿಲ್ಲ.

"ಏನಾಯ್ತು, ಹಂಗ್ಯಾಕೆ ನಿಂತ್ರಿ?" ಎಂದಳು ಹೆಂಡತಿ. ಏನಿಲ್ಲ ಎಂದೆ. ನಾನು ಹೆದರುಪುಕ್ಕಲ ಎಂಬುದು ಮದುವೆಯಾದ ತಿಂಗಳಲ್ಲೇ ಅವಳಿಗೆ ತಿಳಿದಿತ್ತು. ಎಷ್ಟು ದೊಡ್ಡ ಹೆದರುಪುಕ್ಕಲ ಎಂಬುದನ್ನು ನಾನಾಗಿ ಹೇಳಿಲ್ಲ. ಅದನ್ನು ಹೇಳಬೇಕೆಂದರೆ ಮೈಸೂರಿನ ಆ ಮಳೆಗಾಲದಿಂದ ಶುರು ಮಾಡಬೇಕು.

ಆಗ ನನಗೆ ಇಪ್ಪತ್ಮೂರು. ಡಿಗ್ರಿ ಮುಗಿಸಿ, ಒಂದು ಬ್ಯಾಂಕ್ ಪರೀಕ್ಷೆಯಲ್ಲಿ ನಪಾಸಾಗಿ, ಹೊಸದುರ್ಗದ ಮನೆಯಲ್ಲಿ ಊಟದ ಹೊತ್ತಿಗೆ ಅಪ್ಪನ ಮುಖ ತಪ್ಪಿಸಿಕೊಂಡು ಬದುಕುತ್ತಿದ್ದೆ. ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಒಂದು ಕಾಗದ ಕಳಿಸಿದ. ಮೈಸೂರಿನಲ್ಲಿ ಬುದ್ಧಿಮಾಂದ್ಯ ಹಿರಿಯರ ಮನೆಯೊಂದಕ್ಕೆ ಸ್ವಯಂಸೇವಕ ಬೇಕು, ಒಂದು ವರ್ಷ ಅವರ ಜೊತೆಯಲ್ಲೇ ಇರಬೇಕು, ಊಟ ವಸತಿ ಅವರದೇ. ಸ್ವಯಂಸೇವಕ ಎಂಬ ಮಾತು ಕೇಳಲು ಘನವಾಗಿತ್ತು. ನಿಜ ಹೇಳಬೇಕೆಂದರೆ ಸೇವೆಯ ಹುಚ್ಚಿಗಿಂತ ಮನೆ ಬಿಟ್ಟರೆ ಸಾಕಾಗಿತ್ತು. ಅವ್ವ ಮಾತ್ರ ತಡೆದಳು. "ಆಷಾಡದಾಗೆ ಯಾರಾರ ಹೊಸಾ ಮನೆ ಸೇರ್ತಾರೇನಾ? ಇನ್ನೊಂದು ಹದಿನೈದು ದಿನ ತಡಿ" ಎಂದಳು. ನಾನು ಕೇಳಲಿಲ್ಲ. ಮೈಸೂರಿನ ಬಸ್ಸು ಹತ್ತಿ ಕೂತ ಮೇಲೆ, ಕೇಳಬೇಕಿತ್ತು ಎನ್ನಿಸತೊಡಗಿತು.

ಮನೆ ಇದ್ದದ್ದು ದಟ್ಟಗಳ್ಳಿಯಲ್ಲಿ, ಆಗಿನ್ನೂ ಅರ್ಧ ಸೈಟುಗಳು ಖಾಲಿ ಬಿದ್ದಿದ್ದ ಒಂದು ಅಡ್ಡರಸ್ತೆಯ ಕೊನೆಗೆ. ಎರಡೂ ಪಕ್ಕ ಎದೆಯುದ್ದ ಪಾರ್ಥೇನಿಯಂ. ನಡೆಸುತ್ತಿದ್ದವರು ನಾಗರತ್ನಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಗಿಡ್ಡಗೆ ಕತ್ತರಿಸಿದ ಬೆಳ್ಳಗಿನ ಕೂದಲು, ಕಾಟನ್ ಸೀರೆ, ಕೈಯಲ್ಲಿ ಗಂಡಸರ ವಾಚು. ನನ್ನನ್ನು ಒಳಗೆ ಕರೆದು, ಒಂದು ಲೋಟ ಕಾಫಿ ಕೊಟ್ಟು, ನಾನಿನ್ನೂ ಕುಡಿದು ಮುಗಿಸುವ ಮೊದಲೇ ಒಂದೇ ಒಂದು ನಿಯಮ ಹೇಳಿದರು. "ಇಲ್ಲಿರೋರು ಐದು ಜನ. ಎಲ್ರೂ ನಿನಗಿಂತ ದೊಡ್ಡೋರು ಕಣಪ್ಪ. ಮಗು ಮಾತಾಡ್ಸಿದ ಹಾಗೆ ಮಾತಾಡಿಸ್ಬೇಡ. ಹೋಗಿ, ಬನ್ನಿ ಅಂತ ಬಹುವಚನದಲ್ಲೇ ಮಾತಾಡ್ಸು."

ನನ್ನ ಕೋಣೆಯಲ್ಲಿ ಸೂಟ್‌ಕೇಸ್ ಬಿಚ್ಚಿ ತಲೆ ಎತ್ತಿದರೆ ಐವರೂ ಬಾಗಿಲಲ್ಲಿ ನಿಂತಿದ್ದರು. ಒಬ್ಬರು ಆಗಲೇ ನನ್ನ ಚಪ್ಪಲಿ ಮೆಟ್ಟಿಕೊಂಡಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೊಡೆಯುತ್ತಾರೇನೋ, ಕಚ್ಚುತ್ತಾರೇನೋ ಎಂದೆಲ್ಲ ಯೋಚಿಸಿದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಯೋಚಿಸಿದ್ದು ನಿಜ. ಆಗ ಅವರಲ್ಲೊಬ್ಬರು, ಕುತ್ತಿಗೆಯವರೆಗೂ ಗುಂಡಿ ಹಾಕಿದ್ದ, ಐವತ್ತು ವರ್ಷದ, ನರೆಗೂದಲಿನ ಒಬ್ಬರು ಒಳಗೆ ಬಂದು ನನ್ನ ಅಂಗಿಗಳನ್ನು ಒಂದೊಂದಾಗಿ ಎತ್ತಿ ಕಪಾಟಿನಲ್ಲಿಡತೊಡಗಿದರು. ಅಂಚಿಗೆ ಅಂಚು ಸೇರಿಸಿ, ಒಂದರ ಮೇಲೊಂದು, ಎಳೆಯಷ್ಟೂ ಆಚೀಚೆ ಆಗದ ಹಾಗೆ. ಮುಗಿಸಿ, "ನಿನ್ನ ಎಸ್ರೇನು?" ಎಂದು ಕೇಳಿದರು. ತಿಪ್ಪೇಶ ಎಂದೆ. ಉಳಿದ ನಾಲ್ವರ ಕಡೆ ತಿರುಗಿ "ತಿಪ್ಪೇಶಿ" ಎಂದು ತಿಳಿಸಿದರು. ಅವರೇ ಸಿದ್ದರಾಜಣ್ಣ.

ಆ ಮನೆಯ ಕೆಲಸ ಮೆಡಿಕಲ್ ಸ್ಟೋರುಗಳಿಗೆ ಪೇಪರ್ ಕವರ್ ಮಾಡುವುದು. ಬೆಳಿಗ್ಗೆ ತಿಂಡಿಯಾದ ಮೇಲೆ ನಾಗರತ್ನಮ್ಮ ಅಂಟು ಕಾಯಿಸುತ್ತಿದ್ದರು. ಹಳಸದಿರಲೆಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಒಬ್ಬರು ಹಾಳೆ ಕತ್ತರಿಸಿದರೆ ಇಬ್ಬರು ಮಡಿಸುತ್ತಿದ್ದರು, ಒಬ್ಬರು ಅಂಟು ಸವರುತ್ತಿದ್ದರು. ಕಟ್ಟು ಕಟ್ಟುವ ಅಧಿಕಾರ ಸಿದ್ದರಾಜಣ್ಣನದು. ಅವರಿಗೆ ಹತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಒಂದು ಬೆಂಕಿಪೊಟ್ಟಣ ನೆಟ್ಟಗೆ ನಿಲ್ಲಿಸಿ, ಕವರಿನ ರಾಶಿ ಅದರ ಎತ್ತರಕ್ಕೆ ಬಂದ ಕೂಡಲೇ ದಾರ ಸುತ್ತುತ್ತಿದ್ದರು. ನಾನು ಮೊದಲ ದಿನ ಜಾಣತನ ತೋರಿಸಲು ಒಂದು ಕಟ್ಟು ಬಿಚ್ಚಿ ಎಣಿಸಿದೆ. ಸರಿಯಾಗಿ ನೂರಿತ್ತು. ಬಿಚ್ಚಿದ್ದಕ್ಕೆ ಇಡೀ ದಿನ ನನ್ನ ಜೊತೆ ಮಾತು ಬಿಟ್ಟರು.

ಮೂರನೆಯ ದಿನ, ಕವರಿನ ಮೇಜಿನ ಮುಂದೆಯೇ, ಸಿದ್ದರಾಜಣ್ಣ ಒಮ್ಮೆ ಗಂಟಲಿಂದ ಏನೋ ಸದ್ದು ಮಾಡಿ ಕುರ್ಚಿಯಿಂದ ಕೆಳಗೆ ಬಿದ್ದರು. ಮೈ ಸೆಟೆದುಕೊಂಡಿತು, ಆಮೇಲೆ ಕೈಕಾಲು ಅದುರತೊಡಗಿತು, ಬಾಯಲ್ಲಿ ನೊರೆ. ಮೂರ್ಛೆರೋಗದ ಬಗ್ಗೆ ಕೇಳಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ನನಗೆ ಗೊತ್ತಿದ್ದ ಒಂದೇ ವಿಷಯವೆಂದರೆ ನಮ್ಮೂರಿನಲ್ಲಿ ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುತ್ತಾರೆ ಎನ್ನುವುದು. ಓಡಿಹೋಗಿ ಗೋಡೆಯ ಮೊಳೆಯಲ್ಲಿದ್ದ ಕೀ ಗೊಂಚಲು ಕಿತ್ತು ತಂದೆ. ನಾಗರತ್ನಮ್ಮ ಆಗಲೇ ನೆಲದಲ್ಲಿ ಕೂತು ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿ ತಲೆಯ ಕೆಳಗೆ ಟವೆಲ್ ಇಟ್ಟಿದ್ದರು. ತಮ್ಮ ವಾಚು ನೋಡುತ್ತಿದ್ದರು.

"ಕೀ ನಿನ್ನತ್ರಾನೇ ಇಟ್ಕೊ" ಎಂದರು, ನನ್ನ ಕಡೆ ನೋಡದೆ. "ಕೈಗೆ ಏನೂ ಕೊಡ್ಬೇಡ. ಬಾಯಿಗಂತೂ ಏನೂ ಇಡ್ಬೇಡ, ಹಲ್ಲು ಮುರಿಯುತ್ತೆ. ಮಗ್ಗುಲಿಗೆ ಮಲಗ್ಸು, ತಲೆಗೆ ಏಟು ಬೀಳ್ದಂಗೆ ನೋಡ್ಕೊ, ಟೈಮ್ ನೋಡು. ಅಷ್ಟೇ ಕಣಪ್ಪ ಕೆಲಸ."

ಎರಡು ನಿಮಿಷದಲ್ಲಿ ನಿಂತಿತು. ನಾಗರತ್ನಮ್ಮ ಒಂದು ಸಣ್ಣ ಔಷಧಿ ಸೀಸೆ ತಂದು ನನ್ನ ಅಂಗಿಯ ಜೇಬಿಗೆ ಹಾಕಿದರು. ಐದು ನಿಮಿಷ ದಾಟಿದರೂ ನಿಲ್ಲದಿದ್ದರೆ ಇದನ್ನು ಮೂಗಿನೊಳಗೆ ಸಿಂಪಡಿಸಿ ಆಂಬುಲೆನ್ಸಿಗೆ ಫೋನ್ ಮಾಡಬೇಕು, ಸ್ನಾನಕ್ಕೆ ಹೋದಾಗ ಬಿಟ್ಟು ಇದು ಮೈಮೇಲೇ ಇರಬೇಕು ಎಂದರು. ಕೀ ಗೊಂಚಲನ್ನೂ ವಾಪಸು ಕೇಳಲಿಲ್ಲ. "ಇನ್ನು ಮನೆಯೋನಾದೆಯಲ್ಲ, ನಿನ್ನತ್ರಾನೇ ಇರ್ಲಿ" ಎಂದರು.

ಅವತ್ತಿನಿಂದ ನನ್ನ ಹೆದರಿಕೆಗೆ ಒಂದು ಮುಖ ಬಂತು. ಸಿದ್ದರಾಜಣ್ಣ ಕೆಮ್ಮಿದರೆ ಕೈ ಜೇಬಿನ ಸೀಸೆಗೆ ಹೋಗುತ್ತಿತ್ತು. ಅವರು ಸ್ನಾನಕ್ಕೆ ಹೋದರೆ ಚಿಲಕವಿಲ್ಲದ ಆ ಬಾಗಿಲಿನ ಹೊರಗೆ ನಿಂತು ಚೊಂಬಿನ ಸದ್ದು ಕೇಳಿಸಿಕೊಳ್ಳುತ್ತಿದ್ದೆ. ಸದ್ದು ಸ್ವಲ್ಪ ತಡವಾದರೆ "ಅಣ್ಣಾ" ಎಂದು ಕೂಗುತ್ತಿದ್ದೆ. "ಸೋಪ್ ಆಕ್ಕತಾ ಇವ್ನಿ" ಎಂದು ಒಳಗಿಂದ ಉತ್ತರ ಬರುತ್ತಿತ್ತು. ಊಟದಲ್ಲಿ ನನ್ನ ತಟ್ಟೆ ನೋಡಿಕೊಂಡದ್ದೇ ಇಲ್ಲ, ಅವರ ಗಂಟಲು ನೋಡುತ್ತಿದ್ದೆ. ಆ ತಿಂಗಳು ಅವರಿಗೆ ಇನ್ನೆರಡು ಸಲ ಬಂತು. ಎರಡು ಸಲವೂ ನಾಗರತ್ನಮ್ಮ ಹತ್ತಿರವಿದ್ದರು, ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಮನೆಯಲ್ಲಿ ನಾನೊಬ್ಬನೇ ಇದ್ದಾಗ ಬಂದರೆ ಏನು ಗತಿ ಎಂಬುದೊಂದೇ ಯೋಚನೆ. ಅವ್ವ ಫೋನಿನಲ್ಲಿ, "ಹೊಸಾ ಜಾಗ ಹೊಂದಿಕೆ ಆತೇನಪ್ಪಾ?" ಎಂದರೆ, ಆಯ್ತು ಎನ್ನುತ್ತಿದ್ದೆ.

ಬುಧವಾರಗಳ ಮಾತು ಬಂದದ್ದು ಆಗ. ಪ್ರತಿ ಬುಧವಾರ ಬೆಳಿಗ್ಗೆ ಸಿದ್ದರಾಜಣ್ಣ ಕವರಿನ ಚೀಲ ಹಿಡಿದು ಬಸ್ಸಿನಲ್ಲಿ ಕುವೆಂಪುನಗರಕ್ಕೆ ಹೋಗಿ ನಾಲ್ಕು ಮೆಡಿಕಲ್ ಸ್ಟೋರುಗಳಿಗೆ ಕೊಟ್ಟು ಬರಬೇಕು. ಜೊತೆಗೆ ಒಬ್ಬರು ಹೋಗಬೇಕು. ನನಗಿಂತ ಮುಂಚೆ ಇದ್ದ ಸ್ವಯಂಸೇವಕ ಹೋಗುತ್ತಿದ್ದ. ನಾನು ಮೊದಲ ವಾರ ತಲೆನೋವೆಂದೆ, ಎರಡನೇ ವಾರ ಮಳೆಯೆಂದೆ. ಮೂರನೇ ವಾರ ನಾಗರತ್ನಮ್ಮ, "ಇಡೀ ವಾರದಲ್ಲಿ ಅವ್ರಿಗಿರೋದು ಅದೊಂದೇ ದಿನ ಕಣೋ" ಎಂದರು. ಹೋಗಲೇಬೇಕಾಯಿತು.

ಆ ದಿನ ಸಿದ್ದರಾಜಣ್ಣನ ಗತ್ತೇ ಬೇರೆ. ಇಸ್ತ್ರಿ ಅಂಗಿ, ಹಣೆಗೆ ವಿಭೂತಿ. ಕಂಡಕ್ಟರಿಗೆ, ಎದುರು ಸೀಟಿನವರಿಗೆ, ಅಂಗಡಿಯವರಿಗೆ, ಎಲ್ಲರಿಗೂ ನನ್ನನ್ನು ತೋರಿಸಿ "ತಿಪ್ಪೇಶಿ, ನಮ್ಮನೇಲಿ ಅವ್ನೆ" ಎಂದು ಪರಿಚಯ ಮಾಡಿಸುತ್ತಿದ್ದರು. ಅಂಗಡಿಯವರು ಕೌಂಟರಿನ ಹಿಂದಿನಿಂದ "ಬನ್ನಿ ಸಿದ್ದರಾಜು, ಕವರ್ ಖಾಲಿ ಆಗಿ ನಿಮ್ದೇ ದಾರಿ ನೋಡ್ತಿದ್ವಿ" ಎನ್ನುತ್ತಿದ್ದರು. ಆ ಮಾತಿಗಾಗಿಯೇ ಅವರು ಆರು ದಿನ ಬೆಂಕಿಪೊಟ್ಟಣ ಇಟ್ಟು ಅಳೆಯುತ್ತಿದ್ದದ್ದು. ನಾನು ಮಾತ್ರ ಜೇಬು ಮುಟ್ಟಿಕೊಳ್ಳುತ್ತ, ಇಲ್ಲಿ ಬೀಳದಿರಲಿ, ಈ ಮೆಟ್ಟಿಲ ಮೇಲೆ ಬೀಳದಿರಲಿ ಎಂದು ಹರಕೆ ಹೊರುತ್ತ ಹಿಂದೆ ಹಿಂದೆ ನಡೆಯುತ್ತಿದ್ದೆ. ಹಾಗೆ ಐದು ಬುಧವಾರ ಕಳೆದವು.

ಆರನೆಯದು ಗಣೇಶನ ಹಬ್ಬದ ಮರುವಾರ. ಮೋಡ ಕವಿದ ಬೆಳಗು. ಕುವೆಂಪುನಗರದಲ್ಲಿ ಬಸ್ಸಿಳಿದು ಹತ್ತು ಹೆಜ್ಜೆ ನಡೆದಿರಬೇಕು. ನಾನು ಫೋನ್ ನೋಡುತ್ತ ಸ್ವಲ್ಪ ಹಿಂದೆ ಬಿದ್ದಿದ್ದೆ. ಮುಂದೆ ಆ ಗಂಟಲಿನ ಸದ್ದು ಕೇಳಿತು. ತಲೆ ಎತ್ತುವಷ್ಟರಲ್ಲಿ ಸಿದ್ದರಾಜಣ್ಣ ಫುಟ್‌ಪಾತಿನ ಮೇಲೆ ಬಿದ್ದಿದ್ದರು. ಕವರಿನ ಕಟ್ಟುಗಳು ರಸ್ತೆಗೆ ಚೆಲ್ಲಿದವು. ಕ್ಷಣದಲ್ಲಿ ಜನ ಸೇರಿದರು. ಸ್ಕೂಟರ್ ನಿಲ್ಲಿಸಿ ಬಂದವರು, ಹಾಲಿನ ಬೂತಿನಿಂದ ಬಂದವರು. ನಾನು ಆ ಗುಂಪಿನ ಹಿಂದಿದ್ದೆ. ಮುಂದೆ ಹೋಗಬೇಕಿತ್ತು. ಏನು ಮಾಡಬೇಕೆಂದು ಅಲ್ಲಿದ್ದವರಲ್ಲೆಲ್ಲ ನನಗೊಬ್ಬನಿಗೇ ಗೊತ್ತಿತ್ತು. ಕಾಲು ಏಳಲಿಲ್ಲ. ಇವರು ಇಲ್ಲೇ ಸತ್ತರೆ ಎಲ್ಲರೂ ನನ್ನನ್ನೇ ಕೇಳುತ್ತಾರೆ ಎಂಬುದೊಂದೇ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು.

"ಯಾರ್ ಕಡೆಯೋರು ಇವ್ರು?" ಎಂದು ಯಾರೋ ಕೇಳಿದರು. ನಾನು ಬಾಯಿ ಬಿಡಲಿಲ್ಲ.

"ಕಬ್ಬಿಣ ಕೊಡ್ರಿ ಕೈಗೆ, ಬೇಗ. ಯಾರತ್ರಾದ್ರೂ ದೊಡ್ಡ ಕೀ ಇದ್ಯಾ ನೋಡಿ" ಎಂದ ಒಬ್ಬ. ಎಲ್ಲರೂ ಜೇಬು ತಡಕಿಕೊಂಡರು. ನಾನೂ ತಡಕಿಕೊಂಡೆ. ಮೇಲಿನ ಜೇಬಿನ ಸೀಸೆಗೆ ಕೈ ಹೋಗಲಿಲ್ಲ, ಪ್ಯಾಂಟಿನ ಜೇಬಿಗೆ ಹೋಯಿತು. ಮನೆಯ ಕೀ ಗೊಂಚಲನ್ನು ತೆಗೆದು, ದಾರಿಹೋಕನೊಬ್ಬ ಕೊಡುವ ಹಾಗೆ, ಮುಂದಿದ್ದವನ ಕೈಗೆ ಕೊಟ್ಟೆ. ಅವನು ಮೊದಲು ಮುಷ್ಟಿಯಲ್ಲಿಡಲು ನೋಡಿದ. ಆಮೇಲೆ ಇನ್ನೊಬ್ಬ, "ನಾಲ್ಗೆ ಕಚ್ಕೋತಾರೆ, ಬಾಯ್ಗಿಡಿ" ಎಂದ. ಗೊಂಚಲಿನಲ್ಲಿ ಉಗ್ರಾಣದ ಬೀಗದ ದಪ್ಪ ಕೀ ಒಂದಿತ್ತು. ಅದನ್ನು ಹಲ್ಲಿನ ಮಧ್ಯೆ ತುರುಕಿದರು. ಟಕ್ಕೆಂದು ಸದ್ದಾಯಿತು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಸ್ವಲ್ಪ ಹೊತ್ತಿಗೆ ಅದುರುವುದು ತಾನಾಗಿಯೇ ನಿಂತಿತು. "ನೋಡಿದ್ರಾ, ಕಬ್ಬಿಣ ಕೊಟ್ಟಿದ್ದಕ್ಕೇ ನಿಂತೋಯ್ತು" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಜನ ಚದುರಿದರು. ಬಸ್ ಸ್ಟಾಪಿನ ಪಕ್ಕ ಹೂ ಕಟ್ಟುತ್ತಿದ್ದ ಒಬ್ಬ ಹೆಂಗಸು ಮಾತ್ರ ಸಿದ್ದರಾಜಣ್ಣನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನಿನ್ನೂ ಅಲ್ಲೇ ನಿಂತಿದ್ದೆ. ಅವಳು ಕೀ ಗೊಂಚಲನ್ನು ಸೆರಗಿನಲ್ಲಿ ಒರೆಸಿ ನನ್ನ ಕಡೆ ಚಾಚಿದಳು.

"ನೀವಿಬ್ರೂ ಜೊತೇಲೇ ಬಸ್ ಇಳಿದ್ರಲ್ವಾ" ಎಂದಳು. ಬೈದಂತೆಯೂ ಇರಲಿಲ್ಲ, ಕೇಳಿದಂತೆಯೂ ಇರಲಿಲ್ಲ. ನಾನು ಕೀ ತೆಗೆದುಕೊಂಡೆ.

ಆಟೋದಲ್ಲಿ ಅವರನ್ನು ಮನೆಗೆ ಕರೆತಂದೆ. ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು, ತುಟಿ ಸೀಳಿತ್ತು. ಏನಾಯಿತೆಂದು ನಾಗರತ್ನಮ್ಮ ಕೇಳಿದರು. ನಾನು ಪಕ್ಕದಲ್ಲೇ ಇದ್ದೆ, ಹಿಡಿದುಕೊಳ್ಳುವಷ್ಟರಲ್ಲಿ ಬಿದ್ದರು, ಕಲ್ಲಿಗೆ ಬಾಯಿ ಹೊಡೆಯಿತು, ನಾನೇ ಮಗ್ಗುಲಿಗೆ ಮಲಗಿಸಿದೆ ಎಂದೆ. ಒಂದು ಸುಳ್ಳೂ ತಡವರಿಸಲಿಲ್ಲ. ಸಿದ್ದರಾಜಣ್ಣನಿಗೆ ಏನೂ ನೆನಪಿರಲಿಲ್ಲ. ನಾಗರತ್ನಮ್ಮ ತುಟಿಯ ಗಾಯ ಒರೆಸಿ ಮುಗಿಸಿ, "ನೀನು ಪಕ್ಕದಲ್ಲೇ ಇದ್ದೂ ಹಿಂಗಾಯ್ತು ಅಂದ್ರೆ ಇನ್ನು ಕಷ್ಟ ಕಣಪ್ಪ. ಇವತ್ತು ಹಲ್ಲು, ನಾಳೆ ತಲೆ. ಅವ್ರನ್ನ ಹೊರಗೆ ಕಳ್ಸೋದು ಬೇಡ. ಕವರ್ ನೀನೊಬ್ನೇ ಕೊಟ್ಬಾ" ಎಂದರು.

ನನಗೆ ಮೊದಲು ಅನ್ನಿಸಿದ್ದು ಸಮಾಧಾನ. ಅದನ್ನೂ ಹೇಳಿಬಿಡಬೇಕು. ಬುಧವಾರದ ಹೆದರಿಕೆ ಇನ್ನಿಲ್ಲ ಎಂದು ಅವತ್ತು ಹೊಟ್ಟೆತುಂಬ ಉಂಡೆ.

ಮುಂದಿನ ಬುಧವಾರ ಬೆಳಿಗ್ಗೆ ಸಿದ್ದರಾಜಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು, ಚೀಲ ತುಂಬಿಕೊಂಡು, ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ನಾಗರತ್ನಮ್ಮ ಬಂದು ಹೇಳಿದರು, ನಾನು ಅವರ ಕೈಯಿಂದ ಚೀಲ ತೆಗೆದುಕೊಂಡೆ. ಅವರು ಜಗಳವಾಡಲಿಲ್ಲ. ನಾನು ಮಧ್ಯಾಹ್ನ ಬಂದಾಗಲೂ ಅಲ್ಲೇ ಕೂತಿದ್ದರು. ಅಂಗಡಿಯವರು ನಾಲ್ವರೂ "ಎಲ್ಲಿ ಸಿದ್ದರಾಜು?" ಎಂದು ಕೇಳಿದ್ದರು, ಹುಷಾರಿಲ್ಲ ಎಂದಿದ್ದೆ. ಎರಡನೆಯ ಬುಧವಾರವೂ ಕೂತರು. ಮೂರನೆಯ ಬುಧವಾರ ಅಂಗಿ ಬದಲಾಯಿಸದೆ, ಚೀಲವನ್ನೂ ತುಂಬದೆ ಕಟ್ಟೆಗೆ ಹೋಗಿ ಕೂತರು. ಮೇಜಿನ ಮೇಲೆ ಬೆಂಕಿಪೊಟ್ಟಣ ಅಡ್ಡಡ್ಡ ಬಿದ್ದಿತ್ತು, ಅದರ ಸುತ್ತ ಕವರುಗಳು ಅಡ್ಡಾದಿಡ್ಡಿಯಾಗಿದ್ದವು. ಅವರ ಬದಲು ನಾನು ಕಟ್ಟು ಕಟ್ಟಲು ಕೂತೆ. ಎಷ್ಟು ಸಲ ಎಣಿಸಿದರೂ ತಪ್ಪುತ್ತಿತ್ತು.

ಅವತ್ತು ಮಧ್ಯಾಹ್ನ ನಾಗರತ್ನಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. ಗುಂಪಿನ ಹಿಂದೆ ನಿಂತದ್ದು, ಕೀ ಕೊಟ್ಟದ್ದು, ಹಲ್ಲು ಮುರಿದ ಸದ್ದು. ಅವರು ಚಾಕು ಕೆಳಗಿಟ್ಟರು.

"ಹೆದ್ರಿದ್ದಕ್ಕೆ ನಾನೇನೂ ಅನ್ನಲ್ಲ. ಕೆಲ್ಸಕ್ಕೆ ಸೇರ್ದಾಗ ನಾನೂ ವಾರ್ಡಿಂದ ಓಡೋಗಿದ್ದೋಳೇ. ಆದ್ರೆ ಮೂರು ಬುಧವಾರ ಆ ಮನುಷ್ಯನ್ನ ಗೇಟಲ್ಲಿ ಕೂರಿಸ್ಬುಟ್ಟೆಯಲ್ಲಪ್ಪ" ಎಂದರು.

"ನಾನು ಊರಿಗೆ ಹೋಗ್ಬಿಡ್ತೀನಿ, ಅಮ್ಮ."

"ಹೋಗೋದು ಬಿಡೋದು ಆಮೇಲೆ. ಮುರ್ದಿರೋದು ನನ್ನ ಹಲ್ಲಲ್ಲ. ಹೋಗಿ ಅವ್ರಿಗೆ ಹೇಳು."

"ಅವರಿಗೆ ಅರ್ಥ ಆಗುತ್ತಾ?" ಎಂದೆ. ಹಾಗೆ ಕೇಳಿದ್ದಕ್ಕೆ ಅವರು ನನ್ನನ್ನು ನೋಡಿದ ನೋಟಕ್ಕೆ ಅಲ್ಲಿಂದ ಎದ್ದುಬಿಟ್ಟೆ.

ಸಿದ್ದರಾಜಣ್ಣ ಕಟ್ಟೆಯ ಮೇಲಿದ್ದರು. ಪಕ್ಕದಲ್ಲಿ ಕೂತು ಇನ್ನೊಂದು ಸಲ ಎಲ್ಲ ಹೇಳಿದೆ, ಈ ಸಲ ಸಣ್ಣ ಸಣ್ಣ ಮಾತಿನಲ್ಲಿ. ಅವರು ಮುರಿದ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡರು.

"ಕೀ ನೀನ್ ಕೊಟ್ಟಿದ್ದಾ?"

"ಹೂಂ ಅಣ್ಣ."

"ಯಾಕೆ?"

"ಭಯ ಆಯ್ತು."

ಸಿದ್ದರಾಜಣ್ಣ ಖಾಲಿ ಸೈಟಿನ ಕಡೆ ನೋಡುತ್ತಿದ್ದರು. "ನಂಗೂ ಆಯ್ತದೆ" ಎಂದರು ಆಮೇಲೆ. "ಬೀಳಕ್ ಮುಂಚೆ. ಒಟ್ಟೆಯಿಂದ ಏನೋ ಮೇಲಕ್ ಬತ್ತದೆ. ಗೊತ್ತಾಯ್ತದೆ ನಂಗೆ. ಯೋಳಕ್ ಆಗಲ್ಲ."

ಮೂರು ತಿಂಗಳು ಅವರ ಕೆಮ್ಮು, ಅವರ ಉಸಿರು, ಅವರ ಚೊಂಬಿನ ಸದ್ದು ಎಲ್ಲವನ್ನೂ ಕಾದವನು ನಾನು. ನಿಮಗೆ ಹೆದರಿಕೆಯಾಗುತ್ತದೆಯೇ ಎಂದು ಒಂದು ದಿನವೂ ಕೇಳಿರಲಿಲ್ಲ. ಆ ಮನೆಯಲ್ಲಿ ಹೆದರಿಕೆ ನನಗೊಬ್ಬನಿಗೇ ಸೇರಿದ್ದು ಎಂದುಕೊಂಡಿದ್ದೆ.

"ಬುದ್ವಾರ ಓಗಣ್ವಾ?" ಎಂದರು. ಅಮ್ಮನನ್ನು ಕೇಳಬೇಕು ಎಂದೆ. ನಾಗರತ್ನಮ್ಮ ಹಿಂದೆ ಬಾಗಿಲಲ್ಲೇ ನಿಂತಿದ್ದರು. "ನನ್ನ ಯಾಕೆ ಕೇಳ್ತೀಯ? ನೀನು ಬಿಟ್ಟಿದ್ದು ಅವ್ರನ್ನ. ಸಿದ್ದರಾಜು, ಇವನ ಜೊತೆ ಹೋಗ್ತೀರಾ?" ಎಂದು ಕೇಳಿದರು.

ಸಿದ್ದರಾಜಣ್ಣ ನನ್ನ ಮುಖ ನೋಡಿದರು. ಬ್ಯಾಂಕ್ ಪರೀಕ್ಷೆಯ ಫಲಿತಾಂಶಕ್ಕೂ ನಾನು ಅಷ್ಟು ಹೆದರಿರಲಿಲ್ಲ.

"ತಿರ್ಗ ಬುಟ್ಬುಟ್ಟು ಓಯ್ತೀಯಾ?"

ಇಲ್ಲ ಎನ್ನುವುದು ಸುಲಭವಿತ್ತು. ಆದರೆ ಅಷ್ಟು ಹೊತ್ತು ನಿಜ ಹೇಳಿ ಆಗಿತ್ತು. "ಗೊತ್ತಿಲ್ಲ ಅಣ್ಣ" ಎಂದೆ.

ಅವರು ಯೋಚಿಸಿದರು. ಅವರಿಗೆ ಅದು ಬೇಸರದ ಉತ್ತರವಾಗಿ ಕಾಣಲಿಲ್ಲ, ಬಗೆಹರಿಸಬೇಕಾದ ಒಂದು ಕೆಲಸವಾಗಿ ಕಂಡಿತು. "ಅಂಗಾರೆ ನಾನೇ ಇಡ್ಕತೀನಿ" ಎಂದು ನನ್ನ ಮಣಿಕಟ್ಟನ್ನು ಹಿಡಿದು ನೋಡಿದರು, ಕವರಿನ ಕಟ್ಟಿಗೆ ದಾರ ಸುತ್ತುವಾಗ ಬಿಗಿ ನೋಡುವ ಹಾಗೆ.

ಬುಧವಾರ ಹೊರಟೆವು. ಗೇಟು ದಾಟಿದ್ದೇ ನನ್ನ ಎಡಗೈ ಹಿಡಿದವರು ಬಸ್ಸಿನಲ್ಲೂ ಬಿಡಲಿಲ್ಲ, ಅಂಗಡಿಯಲ್ಲೂ ಬಿಡಲಿಲ್ಲ. ಟಿಕೆಟ್ಟಿಗೆ ದುಡ್ಡು ತೆಗೆಯಲು ನಾನು ಒದ್ದಾಡುವುದನ್ನು ನೋಡಿ ಕಂಡಕ್ಟರ್ ನಕ್ಕ. ಅವತ್ತು ಏನೂ ಆಗಲಿಲ್ಲ. ಮನೆಗೆ ಬಂದು ನೋಡಿದರೆ ಮಣಿಕಟ್ಟಿನ ಮೇಲೆ ಐದು ಬೆರಳಿನ ಗುರುತಿತ್ತು.

ಆಮೇಲಿನ ಎರಡನೆಯ ಬುಧವಾರ, ಮೂರನೆಯ ಅಂಗಡಿಯಿಂದ ಹೊರಗೆ ಬರುತ್ತಿದ್ದೆವು. ಅವರ ಹಿಡಿತ ಇದ್ದಕ್ಕಿದ್ದಂತೆ ಬಿಗಿಯಾಯಿತು. ತಿರುಗಿ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಹೇಳಲಾಗದೆ ಇದ್ದದ್ದು ಅಷ್ಟೂ ಆ ಕಣ್ಣಲ್ಲಿತ್ತು. ಅದೇ ಹಳೆಯ ಹೆದರಿಕೆ ಎದ್ದಿತು, ಕಾಲು ಹಿಂದಕ್ಕೆ ಎಳೆಯಿತು. ಎಳೆದದ್ದು ಸುಳ್ಳಲ್ಲ. ಅಷ್ಟರಲ್ಲಿ ಅವರ ಮೈ ಸೆಟೆಯಿತು. ಬಿದ್ದರು. ಬೀಳುವಾಗಲೂ ಕೈ ಬಿಡಲಿಲ್ಲ, ನಾನೂ ಅವರ ಜೊತೆ ನೆಲಕ್ಕೆ ಬಂದೆ. ಜನ ಸೇರುವ ಹೊತ್ತಿಗೆ ಅವರ ತಲೆ ನನ್ನ ತೋಳಿನ ಮೇಲಿತ್ತು.

ಆ ಕೈ ಇರದಿದ್ದರೆ ನಾನು ನಿಲ್ಲುತ್ತಿದ್ದೆನೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇವತ್ತಿಗೂ ಗೊತ್ತಿಲ್ಲ. ಅದನ್ನು ನಿರ್ಧರಿಸುವ ಕೆಲಸವನ್ನು ಅವರು ನನಗೆ ಬಿಟ್ಟಿರಲಿಲ್ಲ.